ಅರ್ಧ ತಾಸು ಮುಂದಿಟ್ಟ ಗಡಿಯಾರ

ನಮ್ಮ ಮಾವ ಬಾಪುಸಾಹೇಬರು ವಡಗಾವಿಯಲ್ಲಿ ಸೀರೆ ಅಂಗಡಿ ಇಟ್ಟು ನಲವತ್ತು ವರ್ಷ. ಐದಕ್ಕೆ ಎದ್ದು, ನುಣ್ಣಗೆ ದಾಡಿ, ಜಳಕ, ಬಸದಿ. ಒಂಬತ್ತಕ್ಕೆ ಅಂಗಡಿ ಬಾಗಿಲು. ಹೊತ್ತು ಮುಳುಗುವ ಮೊದಲು ಮನೆಗೆ ಬಂದು ಊಟ. ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ. ಈ ನೇಮ ಅವರ ಮದುವೆ ದಿನವೂ ತಪ್ಪಿರಲಿಲ್ಲವಂತೆ.

ಲಾಕ್‌ಡೌನ್‌ನಲ್ಲಿ ತಪ್ಪಿತು. ನೇಮ ಅಲ್ಲ, ಊಟ.

ನಾದಿನಿಯ ಬಾಣಂತನಕ್ಕೆ ಖಾನಾಪುರಕ್ಕೆ ಹೋದ ಅತ್ತಿ ಶಾಂತಮ್ಮ ಅಲ್ಲೇ ಸಿಕ್ಕಿಬಿದ್ದರು. ಅಂಗಡಿ ಬಂದ್, ಬಸದಿ ಬಂದ್, ಎಬ್ಬಿಸುವವರೂ ಇಲ್ಲ. ಮಾವ ಹತ್ತಕ್ಕೆ ಏಳತೊಡಗಿದರು. ಬನಿಯನ್ನಿನಲ್ಲೇ ಟೀವಿ ಮುಂದೆ, ಬಿಸಿಲು ಹೊಡೆಯುತ್ತದೆಂದು ಕಿಟಕಿಗೆ ಚಾದರ, ಎಲ್ಲಿ ಎಷ್ಟು ಮಂದಿ ಸತ್ತರು ಎಂಬ ಸುದ್ದಿ. ಮಧ್ಯಾಹ್ನದ ಊಟ ನಾಲ್ಕಕ್ಕೆ. ಸಂಜೆ ಆರಕ್ಕೆ ತಾಟು ಇಟ್ಟರೆ, "ತಡಿಯವ್ವಾ, ಹಸಿವಿಲ್ಲ." ಆರೂವರೆಗೆ, "ಜಳಕ ಆಗಿಲ್ಲ." ಬಚ್ಚಲಿಂದ ಬರುವಷ್ಟರಲ್ಲಿ ಕತ್ತಲೆ. ಖಾಲಿ ಹೊಟ್ಟೆಯಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಮತ್ತೆ ಹತ್ತಕ್ಕೇ ಏಳುವುದು. ಧೋತರ ಸೊಂಟದಲ್ಲಿ ನಿಲ್ಲದಂತಾಯಿತು.

ಒಂದು ದಿನ ನನ್ನ ಐದು ವರ್ಷದ ಮಗಳು ಶರ್ವರಿಗೆ, "ನಿಮ್ಮಜ್ಜ ಇನ್ನ ಭಾಳ ದಿನ ಇರೂದಿಲ್ಲವ್ವಾ" ಅಂದರು. ಹುಡುಗಿ ನನ್ನ ಸೆರಗು ಹಿಡಿದು, "ಅಜ್ಜ ಎಲ್ಲಿ ಹೊಂಟಾರ?" ಅಂತ ಒಂದೇ ಅಳು. ನನಗೆ ಹೆದರಿಕೆಯೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು. ನಮ್ಮ ಮನೆಯವರಿಗೆ ಹೇಳಿದರೆ, "ಅಪ್ಪಾಗ ನಾ ಏನ ಹೇಳ್ಲಿ? ನೀನ ಹೇಳು!"

ಮರುದಿನ ಮಾವ ಏಳುವ ಮೊದಲೇ ಗೋಡೆ ಗಡಿಯಾರವನ್ನು ಅರ್ಧ ತಾಸು ಮುಂದಿಟ್ಟೆ. ಟೀವಿಯ ಸಣ್ಣ ಅಂಕಿ ಅವರ ಕಣ್ಣಿಗೆ ಹತ್ತುವುದಿಲ್ಲ. ಗಡಿಬಿಡಿಯಿಂದಾದರೂ ಹೊತ್ತಿಗೆ ಉಣ್ಣಲಿ ಅಂತ ನನ್ನ ಎಣಿಕೆ. ಆದರೆ ಅವತ್ತೇ ರೊಟ್ಟಿ ಬಡಿಯುವುದು ತಡವಾಗಬೇಕೆ? ತಾಟು ತಂದಾಗ ಮಾವ ಗಡಿಯಾರ ನೋಡಿದರು. ಆರು ಐವತ್ತೈದು.

"ತಗಿಯವ್ವಾ. ಇವತ್ತೂ ಹೊತ್ತು ಮುಳಗ್ತು."

"ಇಲ್ರೀ ಮಾವಾರ, ಇನ್ನೂ ಬಿಸಲ ಐತ್ರಿ!"

"ನನಗ ಕಲಸ್ತಿ ಏನ? ಕ್ಯಾಲೆಂಡರಿನ್ಯಾಗ ಮುಳಗೂದು ಆರು ಐವತ್ತಕ್ಕ ಐತಿ."

ಜಾಣತನ ಮಾಡಲು ಹೋಗಿ ಇದ್ದ ಅರ್ಧ ತಾಸನ್ನೂ ನಾನೇ ಕಸಿದಿದ್ದೆ.

"ಗಡ್ಯಾರ ನಾನ ಮುಂದ ಇಟ್ಟೇನ್ರಿ."

"ಉಣ್ಣಸಾಕ ಸುಳ್ಳ ಹೇಳ್ತಿ."

ತಲೆ ಕೆಟ್ಟುಹೋಯಿತು. "ಸುಳ್ಳ ಮಾಡಿದ್ದು ಮುಂಜಾನಿರೀ, ಈಗ ಹೇಳೂದು ಖರೇ! ಮಾಳಗಿ ಮ್ಯಾಲ ಬಂದು ಸೂರ್ಯನ್ನ ಕೇಳ್ರಿ!"

ತಾಟು ಹಿಡಿದು ನಾನೇ ಮೆಟ್ಟಿಲು ಹತ್ತಿದೆ. ಅವರ ಮುಂದೆ ಇಷ್ಟು ದನಿ ಎತ್ತಿದ್ದು ಅದೇ ಮೊದಲು. ಶರ್ವರಿ ಅಜ್ಜನ ಬೆರಳು ಹಿಡಿದು ಎಳೆತಂದಳು.

ತಿಂಗಳಿಂದ ಒಳಗೇ ಇದ್ದ ಮಾವ ಅವತ್ತು ಬಿಸಿಲಿಗೆ ಬಂದರು. ಕಣ್ಣು ಕಿರಿದು ಮಾಡಿ ನಿಂತರು. ಸೂರ್ಯ ಓಣಿಯ ಹೆಂಚುಗಳ ಮೇಲೆ ಇನ್ನೂ ಗೇಣುದ್ದ ಉಳಿದಿದ್ದ. ಅಲ್ಲೇ ಕುಂತು ಎರಡು ರೊಟ್ಟಿ ಉಂಡರು. ಮೂರನೆಯದಕ್ಕೆ ಕೈ ಚಾಚಿದಾಗ ಖಾನಾಪುರದಿಂದ ಅತ್ತಿಯ ಫೋನ್.

"ಉಂಡ್ರಿ?"

"ಉಣ್ಣಾಕತ್ತೇನಿ. ಸೊಸಿ ಬೈದು ಉಣ್ಣಸಾಕತ್ತಾಳ."

"ಛಲೋ ಮಾಡ್ಯಾಳ. ದಾಡಿ ಮಾಡ್ಕೊಂಡೀರಿಲ್ಲೊ?"

ಮಾವ ಗದ್ದ ಸವರಿಕೊಂಡರು.

ಮರುದಿನ ಏಳಕ್ಕೇ ಬಚ್ಚಲಲ್ಲಿ ದಾಡಿ ಸೋಪಿನ ವಾಸನೆ.

ಈಗ ದಿನಾ ಐದೂವರೆಗೇ ಮಾಳಿಗೆಯಿಂದ ಕೂಗು: "ತ್ರಿಶಲಾ, ತಾಟ ತಾರವ್ವಾ, ಹೊತ್ತು ಇಳ್ಯಾಕತ್ತೈತಿ!" ರೊಟ್ಟಿ, ಪಲ್ಯ, ಮಜ್ಜಿಗೆ, ಮರೆತ ಉಪ್ಪು. ಹದಿನೆಂಟು ಮೆಟ್ಟಿಲು, ನಾಲ್ಕು ಸಲ, ಮೊಳಕಾಲು ನನ್ನವು. ಗಡಿಯಾರ ಸರಿ ಮಾಡಲು ಹೋದರೆ ಅದಕ್ಕೂ ಬಿಡರು.

"ಇರಲಿ ಬಿಡು. ಅದನ್ನ ಈಗ ಯಾರ ನೋಡ್ತಾರ?"