ಚಿಕ್ಕಬೊಮ್ಮನ ಮೇಲಿದ್ದ ಮಾತು

ಊರೆಲ್ಲ ತಂಬಾಕು ಬೆಳೆದರೆ ಹನಗೋಡಿನ ಚಿಕ್ಕಬಸಮ್ಮ ಹಿತ್ತಿಲಲ್ಲಿ ಜೇನು ಸಾಕಿದರು. ಒಂಬತ್ತು ಪೆಟ್ಟಿಗೆ. ಎರಡು ಸಾವಿರದ ಎಂಟರಲ್ಲಿ ಒಂಬತ್ತರಲ್ಲೂ ಮರಿಹುಳುಗಳು ಹಳದಿ ತಿರುಗಿ, ಹುಳಿನಾತ ಬಿಟ್ಟು ಸಾಯತೊಡಗಿದವು.

ಅದರಲ್ಲೊಂದು ಪೆಟ್ಟಿಗೆಯ ಜೇನು ಕಾಡಂಚಿನ ಗಿರಿಜನರ ಹಾಡಿಯ ಚಿಕ್ಕಬೊಮ್ಮ ಹಿಡಿದುಕೊಟ್ಟಿದ್ದು. ಅವನ ಮನೆಯ ಒಂದು ಪೆಟ್ಟಿಗೆಗೂ ಇದೇ ಕಾಯಿಲೆ ಎಂದು ತಿಳಿದದ್ದೇ ತಡ, ಚಿಕ್ಕಬಸಮ್ಮ ಸಂತೆಯಲ್ಲೇ ಕೂಗಿದರು: "ಕಾಡಿನ ರೋಗ ತಂದು ನನ್ನ ಇತ್ಲಿಗೆ ಆಕ್ಬುಟ್ಟ ಕಣ್ರೀ!"

ಜೇನು ಹಿಡಿದು ಮಾರಿಯೇ ಬದುಕುತ್ತಿದ್ದವನನ್ನು ಆಮೇಲೆ ಯಾರೂ ಕೇಳಲಿಲ್ಲ.

ಜೇನಿನ ರೋಗಗಳನ್ನು ಅಭ್ಯಾಸ ಮಾಡುವ ಸರ್ವಮಂಗಳ ಎಂಬಾಕೆ ಬಂದು ನೋಡಿ, "ಕಾಯಿಲೆಗೆ ಮುಂಚೆ ಬೇರೆಲ್ಲಿಂದಾದ್ರೂ ಜೇನುಗೂಡಿನ ಎರಿ ತಂದಿದ್ರಾ ಅಮ್ಮಾ?" ಎಂದರು.

"ರಾವಂದೂರಿಂದ, ನಮ್ಮ ತವರಿಂದ ತಂದಿದ್ದೆ. ಬರೀ ಮಡ್ಲಲ್ಲಿ ಬರಕಾಯ್ತದಾ? ಅಕ್ಕಿ ಬೆಲ್ಲದ ಜೊತೆ ನಮ್ಮಣ್ಣ ಮರಿ ಇದ್ದ ಎರೀನೂ ಇಟ್ಟ. ಜೇನು ಜಾಸ್ತಿ ಆಗ್ಲಿ ಅಂತ ಎಲ್ಲಾ ಪೆಟ್ಟಿಗೆಗೂ ಒಂದೊಂದು ಚೂರು ಕಟ್ದೆ."

"ಅಲ್ಲಿ ಕಾಯಿಲೆ ಇತ್ತಾ?"

"ನಮ್ಮ ತವರಿಗ್ಯಾಕವ್ವ ಬತ್ತದೆ ಕಾಯ್ಲೆ!"

ಹಿತ್ತಿಲು, ಹಾಡಿ, ರಾವಂದೂರು, ಮೂರೂ ಕಡೆಯ ಸತ್ತ ಮರಿಗಳನ್ನು ಸರ್ವಮಂಗಳ ಸೀಸೆಗೆ ಹಾಕಿಕೊಂಡರು. ಆ ರೋಗದ ಬ್ಯಾಕ್ಟೀರಿಯಾದ ಒಡಲಲ್ಲಿ ಲಕ್ಷಾಂತರ ಅಕ್ಷರಗಳ ಬರಹವಿದೆ, ಅದನ್ನು ಜೀನೋಮ್ ಅನ್ನುತ್ತಾರೆ, ಪೂರ್ತಿ ಓದಿದರೆ ಯಾವುದು ಯಾವ ವಂಶದ್ದು ಗೊತ್ತಾಗುತ್ತದೆ ಎಂದು ಹೇಳಿ ಹೋದರು. ಸೀಸೆಗೆ ಮರಿ ಕೊಟ್ಟ ದಿನವೇ ಚಿಕ್ಕಬೊಮ್ಮ ತನ್ನ ರೋಗದ ಪೆಟ್ಟಿಗೆಯನ್ನು ಸುಟ್ಟುಹಾಕಿದ.

ಓದಿ ಮುಗಿಯಲು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಚಿಕ್ಕಬಸಮ್ಮನ ಒಂಬತ್ತೂ ಪೆಟ್ಟಿಗೆ ಖಾಲಿಯಾಗಿದ್ದವು. ಸರ್ವಮಂಗಳ ತಾವೇ ಬಂದರು. "ನಿಮ್ಮ ಹಿತ್ತಿಲ ರೋಗಾನೂ ರಾವಂದೂರಿನ ರೋಗಾನೂ ಒಂದೇ ವಂಶ ಅಮ್ಮಾ. ಹಾಡೀದು ಬೇರೇನೇ. ಕಾಯಿಲೆಯ ಹೆಸರು ಒಂದೇ ಅಷ್ಟೆ."

ಚಿಕ್ಕಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನೀನು ಅದ್ನ ಓದದೇ ಇದ್ದಿದ್ರೆ ಈ ಪಾಪ ಒತ್ಕಂಡೇ ಸಾಯ್ತಿದ್ದೆ ಕಣವ್ವ," ಎಂದು ಆಕೆಯ ಎರಡೂ ಕೈ ಹಿಡಿದುಕೊಂಡರು.

ಮಾರನೆಯ ದಿನವೇ ಹಾಡಿಗೆ ನಡೆದರು. ಎಲ್ಲವನ್ನೂ ಕೇಳಿ ಚಿಕ್ಕಬೊಮ್ಮ ನಕ್ಕ. "ತವರಿಂದ ಸೀರೆ ತತ್ತಾರೆ, ಕೋಳಿ ತತ್ತಾರೆ. ನೀವು ರೋಗ ತಂದ್ರಲ್ಲ ಅಮ್ಮಾವ್ರೇ!"

"ಬಯ್ಯಪ್ಪ, ಇನ್ನೂ ಬಯ್ಯಿ. ಆದ್ರೆ ಸಂತೆಗೆ ಬಾ. ಕೂಗಿದ್ದು ಅಲ್ಲಿ. ತಪ್ಪಾಯ್ತು ಅಂತಾನೂ ಅಲ್ಲೇ ಕೂಗ್ತೀನಿ."

ಕೂಗಿದರು, ತವರಿನ ಹೆಸರು ಹೇಳಿಯೇ ಕೂಗಿದರು. ರುದ್ರಸ್ವಾಮಿ ಎಂಬ ತೋಟದವರು ಎರಡು ಪೆಟ್ಟಿಗೆಗೆ ಜೇನು ಹಿಡಿದುಕೊಡಲು ಅಲ್ಲೇ ಚಿಕ್ಕಬೊಮ್ಮನನ್ನು ಕೇಳಿದರು.

"ಆಗ್ಲಿ ಬುದ್ಧಿ. ಆದ್ರೆ ಅಮ್ಮಾವ್ರ ಇತ್ಲು ಬರಿದಾಗೈತೆ," ಎಂದ ಚಿಕ್ಕಬೊಮ್ಮ, "ಮೊದಲ್ನೇದು ಅವ್ರಿಗೆ."