ಅಕ್ಕನ ಘಟ ಒಡೆದದ್ದು ಹೇಗೆ

ನಾನು ಚಿಕ್ಕವನಿದ್ದಾಗ, ನನಗೆ ಒಂಬತ್ತು ತುಂಬಿದ ವರ್ಷ, ನವೆಂಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ರೆಂಟನ್ ಎಂಬ ಊರಿನ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ನಿಂತಿದ್ದೆ. ಬಾಗಿಲಿನ ಎಡಗಡೆ, ಕೋಟು ನೇತುಹಾಕುವ ಗೂಟಗಳ ಕೆಳಗೆ. ಒದ್ದೆ ಕೋಟುಗಳ ತೋಳುಗಳು ನನ್ನ ತಲೆಗೆ ತಾಗುತ್ತಿದ್ದವು. ಅಲ್ಲಿಂದ ಇಡೀ ಕೋಣೆ ಕಾಣುತ್ತಿತ್ತು. ಮಕ್ಕಳೇ, ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದು ನಾನು ಯಾರಿಂದಲೋ ಕೇಳಿದ್ದಲ್ಲ.

ಆ ಕೋಣೆಯಲ್ಲಿ ಭಾನುವಾರಗಳಂದು ಹತ್ತು ಹನ್ನೆರಡು ಜನ ವೃತ್ತಾಕಾರವಾಗಿ ಕುಳಿತು ಐರಿಷ್ ಸಂಗೀತ ನುಡಿಸುತ್ತಿದ್ದರು. ವೇದಿಕೆ ಇಲ್ಲ, ಮೈಕ್ ಇಲ್ಲ. ಪಿಟೀಲು, ಕೊಳಲು, ಒಂದು ಅಕಾರ್ಡಿಯನ್, ಮೀನು ಕರಿಯುವ ವಾಸನೆ. ವೃತ್ತದ ಹಿರಿಯರು ಒಬ್ಬ ಅಜ್ಜಿ. ಅಡುಗೆಮನೆಯ ಎರಡು ಸ್ಟೀಲ್ ಚಮಚಗಳನ್ನು ಬೆನ್ನಿಗೆ ಬೆನ್ನು ಹಿಡಿದು, ಮಂಡಿಯ ಮೇಲೆ ಬಡಿದು ತಾಳ ಹಾಕುತ್ತಿದ್ದರು. ನಾನು ಅವರನ್ನು ಚಮಚದಜ್ಜಿ ಎನ್ನುತ್ತಿದ್ದೆ.

ಅಕ್ಕನಿಗೆ ಆಗ ಹದಿನೈದು. ಹತ್ತಿರದ ರೆಡ್ಮಂಡ್‌ನಲ್ಲಿ ಎಂಟು ವರ್ಷದಿಂದ ಘಟ ಕಲಿಯುತ್ತಿದ್ದಳು. ಬೇಸಿಗೆಯಿಡೀ ಆ ಕೋಣೆಯ ಮೂಲೆಯಲ್ಲಿ ಕುಳಿತು ಬರೀ ಕೇಳಿದ್ದಳು. "ಇವರ ಜಿಗ್ ಕುಣಿತದ ಗತಿ ಅಂದ್ರೆ ನಮ್ ತಿಶ್ರ ಕಣೋ, ತಕಿಟ ತಕಿಟ, ಅಷ್ಟೇ," ಎಂದು ಕಾರಿನಲ್ಲಿ ನನ್ನ ಬೆನ್ನ ಮೇಲೆ ಬಾರಿಸಿ ತೋರಿಸುತ್ತಿದ್ದಳು. ಹಿಂದಿನ ವಾರ ಚಮಚದಜ್ಜಿ, "ಮುಂದಿನ ಸಲ ನಿನ್ನ ಮಡಕೆ ತಾ," ಎಂದಿದ್ದರು.

ಅವರಲ್ಲಿ ಒಂದು ಪದ್ಧತಿಯಿತ್ತು. ಒಂದು ಹೊತ್ತಿಗೆ ಒಂದೇ ತಾಳವಾದ್ಯ, ಸರದಿಯ ಮೇಲೆ. ಅಲ್ಲಿ ಬೌರಾನ್ ಬಾರಿಸುವ ಒಬ್ಬ ಎತ್ತರದ ಮನುಷ್ಯನಿದ್ದ. ಬೌರಾನ್ ಎಂದರೆ ಜರಡಿಯಷ್ಟು ಅಗಲದ, ಮೇಕೆಯ ಚರ್ಮ ಬಿಗಿದ ವಾದ್ಯ. ಎಡಗೈಯಲ್ಲಿ ಹಿಡಿದು ಬಲಗೈಯ ಚಿಕ್ಕ ಕೋಲಿನಿಂದ ಬಾರಿಸುತ್ತಾರೆ. ಅಕ್ಕ ಘಟವನ್ನು ಮಡಿಲಲ್ಲಿಟ್ಟುಕೊಂಡಾಗ ಅವನು ಇಂಗ್ಲಿಷಿನಲ್ಲಿ, "ಇನ್ನು ಒಲೆಯೂ ಬರುತ್ತದೇನು?" ಎಂದ.

"ನನ್ನ ಚಮಚ ಎಲ್ಲಿಂದ ಬಂತು ಅಂದುಕೊಂಡೆ?" ಎಂದರು ಚಮಚದಜ್ಜಿ.

ಎಲ್ಲರೂ ನಕ್ಕರು. ಅವನೂ ನಕ್ಕ. ಬೌರಾನನ್ನು ಮಡಿಲ ಮೇಲೆ ಮಲಗಿಸಿದ. ಇದು ನಾನು ನೋಡಿದ್ದು.

ಅಕ್ಕ ಶುರುಮಾಡಿದಳು. ಮೊದಲನೆಯ ಸುತ್ತು ಚೆನ್ನಾಗಿತ್ತು. ಪಿಟೀಲಿನವರು ಹುಬ್ಬೇರಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ಎರಡನೆಯ ಸುತ್ತಿನಲ್ಲಿ ಆ ಮನುಷ್ಯನ ಕೋಲು ಆಡತೊಡಗಿತು. ಬೇಕೆಂದೇ ಮಾಡಿದನೋ, ಅಭ್ಯಾಸಬಲವೋ, ನನಗೆ ಗೊತ್ತಿಲ್ಲ. ಎರಡು ತಾಳ ಒಂದಕ್ಕೊಂದು ತಾಗಿ ಅಕ್ಕನ ಬೆರಳು ತಪ್ಪಿತು. ಅವಳ ಕಿವಿ ಕೆಂಪಾಯಿತು.

ವೃತ್ತದ ಹೊರಗೆ ಕುಳಿತು ಕೇಳುತ್ತಿದ್ದ ಅಪ್ಪ ಎದ್ದು ಹೋಗಿ, ಬೌರಾನಿನ ಚರ್ಮದ ಮೇಲೆ ಅಂಗೈಯಿಟ್ಟರು.

ಅಕ್ಕನ ಗುರುಗಳು ಪಾಠದಲ್ಲಿ ಹಾಗೆಯೇ ಮಾಡುತ್ತಿದ್ದರು. ಶಿಷ್ಯ ತಪ್ಪಿದರೆ ವಾದ್ಯದ ಮೇಲೆ ಕೈಯಿಡುತ್ತಿದ್ದರು, ನಾದ ನಿಲ್ಲುತ್ತಿತ್ತು. ಅಪ್ಪ ಎಂಟು ವರ್ಷ ಅದನ್ನು ನೋಡಿದ್ದರು. ಅವರು ನಗುತ್ತಲೇ ಇದ್ದರು. "ಜಸ್ಟ್ ಒನ್ ಮಿನಿಟ್, ಸರ್," ಎಂದರು.

"ಅಪ್ಪ, ಬೇಡ. ಕೈ ತೆಗಿ," ಎಂದಳು ಅಕ್ಕ.

ಮೊದಲನೆಯ ಏಟು ಕೋಲಿನದು, ಅಪ್ಪನ ಗೆಣ್ಣಿನ ಮೇಲೆ. ಅಪ್ಪ ಅವನ ಕಾಲರ್ ಹಿಡಿದರು. ಎರಡನೆಯದು ಬೌರಾನಿನ ಮರದ ಅಂಚಿನಿಂದ, ಅಪ್ಪನ ಕೆನ್ನೆಯ ಮೂಳೆಗೆ. ಕನ್ನಡಕ ಹಾರಿತು. ಅಪ್ಪ ಮೇಜಿನ ಸಮೇತ ಬಿದ್ದರು. ಬಿಯರ್ ನನ್ನ ಬೂಟಿನವರೆಗೂ ಹರಿದು ಬಂತು. ಬಿದ್ದ ಅಪ್ಪನ ಪಕ್ಕೆಗೆ ಅವನು ಒದ್ದ. ಮೂರು ಸಲ. ಎರಡನೆಯ ಒದೆತಕ್ಕೆ ಅಪ್ಪನ ಬಾಯಿಂದ, ಚೀಲದಿಂದ ಗಾಳಿ ಹೋದಂಥ ಸದ್ದು ಬಂತು.

ಉಳಿದವರು ಪಿಟೀಲುಗಳನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದ್ದರು. ಚಮಚದಜ್ಜಿ ಫೋನ್ ಮಾಡಲು ಹೊರಗೆ ಓಡಿದ್ದರು. ಅವನ ಬೆನ್ನು ಅಕ್ಕನ ಕಡೆಗಿತ್ತು.

ಅಕ್ಕ ಎದ್ದಳು. ಏಳು ಕಿಲೋ ತೂಗುವ ಘಟವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ಅವನ ಎಡ ಭುಜದ ಮೇಲೆ ಹೊಡೆದಳು. ಮೂಳೆ ಮುರಿದ ಸದ್ದು, ಮಣ್ಣು ಒಡೆದ ಸದ್ದು, ಎರಡೂ ಒಟ್ಟಿಗೆ ಬಂದವು. ಅವನ ಕಿವಿ ಹರಿದು ರಕ್ತ ಅಂಗಿಯೊಳಗೆ ಇಳಿಯಿತು. ಜನ ತಿರುಗಿ ನೋಡಿದಾಗ ಅಕ್ಕನ ಕೈ ಖಾಲಿಯಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಪೊಲೀಸ್ ಬಂದರು. ಅವರಲ್ಲಿ ಒಬ್ಬ ಹೆಂಗಸು ನನ್ನ ಮುಂದೆ ಮಂಡಿಯೂರಿ ಕುಳಿತು ಕೇಳಿದಳು: ಮಡಕೆ ಒಡೆದದ್ದು ಹೇಗೆ? ನಾನು ಹೇಳುವ ಒಂದು ಮಾತಿಗೆ ಅಕ್ಕನನ್ನು ಪೊಲೀಸ್ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಅವನೇ ಕಿತ್ಕೊಂಡ. ಎಳೆದಾಡುವಾಗ ಅವನ ಮೇಲೇ ಬಿತ್ತು," ಎಂದೆ ಇಂಗ್ಲಿಷಿನಲ್ಲಿ. ಅವಳು ಬರೆದುಕೊಂಡಳು. ಆ ಮನುಷ್ಯ "ಇಲ್ಲ, ಇಲ್ಲ," ಎನ್ನುತ್ತಿದ್ದ. ಅವನ ಮಾತನ್ನು ಯಾರೂ ನಂಬಲಿಲ್ಲ.

ಅಪ್ಪನನ್ನು ಒದ್ದದ್ದಕ್ಕೆ ಅವನಿಗೆ ಶಿಕ್ಷೆ ಆಗಲೇಬೇಕಿತ್ತು, ಆಯಿತು. ಘಟ ಕಿತ್ತುಕೊಂಡ ತಪ್ಪನ್ನೂ ಅವನ ಮೇಲೆ ಹೊರಿಸಿದವನು ನಾನು. ಅವನ ಎಡಗೈ ಮತ್ತೆ ಭುಜದ ಮೇಲಕ್ಕೆ ಏಳಲಿಲ್ಲ, ಬೌರಾನ್ ಹಿಡಿಯಲಾಗಲಿಲ್ಲ ಎಂದು ಚಮಚದಜ್ಜಿ ಆಮೇಲೆ ಹೇಳಿದರು. ಅಪ್ಪನ ಮುರಿದ ಪಕ್ಕೆಲುಬು ಕೂಡಲು ಎರಡು ತಿಂಗಳಾಯಿತು. ಕಾರಿನಲ್ಲಾಗಲಿ ಮನೆಯಲ್ಲಾಗಲಿ ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಘಟವನ್ನು ಮತ್ತೆ ಮುಟ್ಟಲೂ ಇಲ್ಲ.

ನಿಮ್ಮ ಶಾಲೆಯ ಐರಿಷ್ ತಂಡದಲ್ಲಿ ಈಗ ಎರಡು ಘಟ, ಒಂದು ಮೋರ್ಸಿಂಗ್ ಇವೆ. ಹೋದ ತಿಂಗಳು ಕೇಳಲು ಬಂದಿದ್ದೆ. ಘಟದ ಹುಡುಗಿ ತಾಳ ತಪ್ಪಿದಳು, ಬೌರಾನಿನ ಹುಡುಗ ನಿಲ್ಲಿಸಿ ಕಾದ, ಇಬ್ಬರೂ ನಕ್ಕು ಮೊದಲಿಂದ ಶುರುಮಾಡಿದರು. ನಿಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಾನು ಎದ್ದು ಹೊರಗೆ ಬಂದದ್ದೇಕೆಂದು ನೀವು ಕೇಳಿದಿರಿ. ಅದಕ್ಕೇ ಇದನ್ನು ಬರೆದೆ.

ಬರೆದದ್ದನ್ನು ಅಕ್ಕನಿಗೆ ಫೋನಿನಲ್ಲಿ ಓದಿದೆ. ಮೊದಲು ನಾನು, ಘಟ ಅವಳ ಕೈಯಿಂದ ಜಾರಿತು ಎಂದೇ ಬರೆದಿದ್ದೆ. ಅವಳು ಅಲ್ಲೇ ನನ್ನನ್ನು ತಡೆದಳು. "ಜಾರಿಲ್ಲ ಕಣೋ. ಎತ್ತಿ ಹೊಡ್ದೆ. ನೀನು ನೋಡಿದೀಯ, ಹಂಗೇ ಬರಿ," ಎಂದಳು.

ಹಾಗೆಯೇ ಬರೆದಿದ್ದೇನೆ. ಅಪ್ಪ ಈಗಿಲ್ಲ, ಚಮಚದಜ್ಜಿ ಇಲ್ಲ, ಆ ಮನುಷ್ಯನ ವಿಷಯ ಗೊತ್ತಿಲ್ಲ. ಘಟ ಎತ್ತಿ ಹೊಡೆದದ್ದನ್ನು ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟರೆ ಇನ್ನೂ ಬದುಕಿರುವುದು ಕರ್ಕ್‌ಲ್ಯಾಂಡ್‌ನಲ್ಲಿರುವ ಅಕ್ಕ ಒಬ್ಬಳೇ.