ಕುಂಕುಮ ಹಚ್ಚಬೇಕೋ ಬೇಡವೋ

ಗೆಳತಿಯರೇ, ಇವತ್ತು ಹೊನ್ನಾಳಿಯ ಹೆಂಗಸರು ಸೇರಿ ನನ್ನನ್ನು ವಿಧವೆ ಮಾಡಿಯೇಬಿಡುತ್ತಿದ್ದರು.

ರಂಗೂನಿಗೆ ಬಾಂಬು ಬಿದ್ದಾಗ ನನ್ನನ್ನು ಹಡಗು ಹತ್ತಿಸಿ, "ಮುಂದಿನ ಹಡಗಿಗೆ ಬರ್ತೀನಿ" ಅಂದ ನನ್ನ ಗಂಡನ ಸುದ್ದಿ ಇನ್ನೂ ಇಲ್ಲ. ನಾನು ಹುಟ್ಟಿ ಬೆಳೆದದ್ದೆಲ್ಲ ಬರ್ಮಾದಲ್ಲೇ. ಈಗ ಇರುವುದು, ಮೊದಲು ಮುಖವನ್ನೇ ನೋಡಿರದ ನಾದಿನಿಯ ಮನೆಯಲ್ಲಿ. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು, ನನ್ನ ಅಡುಗೆ ಕಂಡರೆ ಸಿಡುಕು.

ಇವತ್ತು ಅವಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಎಲ್ಲರಿಗೂ ಕುಂಕುಮ ಹಚ್ಚುತ್ತ ಬಂದ ಪಕ್ಕದ ಮನೆಯ ಅಜ್ಜಿ ನನ್ನ ಮುಂದೆ ನಿಂತುಬಿಟ್ಟರು.

"ಈಕಿ ಗಂಡ ಐದಾನೋ ಇಲ್ಲೋ ಗೊತ್ತಿಲ್ಲ. ಹೆಂಗೆ ಹಚ್ಚಾದು?"

"ಸುದ್ದಿ ಬರೋತನಕ ಮುತ್ತೈದೇನೇ ಅಲ್ಲೇನ್ರೀ?" ಎಂದಳು ಒಬ್ಬಳು.

"ಕೂಸಿನ ಕಾರ್ಯ ಐತೆ, ಸುಮ್ನೆ ಬಿಟ್ಟು ಮುಂದೆ ಹೋಗ್ರಿ" ಎಂದಳು ಇನ್ನೊಬ್ಬಳು.

ನಾನು ತಲೆ ತಗ್ಗಿಸಿ ಕೂತೇ ಇದ್ದೆ. ಎದ್ದು ಹೋದರೆ ನನ್ನವರು ಸತ್ತರೆಂದು ನಾನೇ ಒಪ್ಪಿಕೊಂಡಂತೆ.

ಅಷ್ಟರಲ್ಲಿ ನಾದಿನಿ ಮಗುವನ್ನು ಯಾರದೋ ಕೈಗೆ ಕೊಟ್ಟು ಬಂದಳು. "ನಮ್ಮನೇಲೇ ಕುಂತು ನಮ್ಮಣ್ಣನ್ನ ಸಾಯಿಸ್ತೀರೇನ್ರೀ?" ಎಂದು ಬಟ್ಟಲು ಕಸಿದುಕೊಂಡು ನನ್ನ ಹಣೆಗೆ ಕುಂಕುಮ ಒತ್ತಿದಳು. ಇಬ್ಬರೂ ಅತ್ತೆವು. ಈ ಮನೆಗೆ ಬಂದ ಮೇಲೆ ನಾವು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

ಊಟಕ್ಕೆ ಮಾತ್ರ ನನ್ನನ್ನು ದೂರ ಕೂರಿಸಿದರು. ಮುತ್ತೈದೆ ಹೌದಂತೆ. ಆದರೆ ಬರ್ಮಾದಲ್ಲಿ ಏನೇನು ತಿಂದು ಬಂದವಳೋ, ಯಾರಿಗೆ ಗೊತ್ತು ಅಂತೆ.